ಹಾಲು ಕುಡಿದ ಇದ್ದಿಲು

ಯಂಕಪ್ಪ ಕರಟ ಒಡೆಯುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ. ಸುತ್ತಿಗೆಯ ಒಂದೇ ಏಟಿಗೆ ಒಂದು ಕರಟ. ತಲೆಬುರುಡೆ ಬಿರಿದಂಥ ಸದ್ದು.

ಡೊಂಬಿವ್ಲಿಯಲ್ಲಿರುವ ನಮ್ಮ ಮನೆತನದ ಹೋಟೆಲಿನಲ್ಲಿ ಚಟ್ನಿಗೂ ಸಾಂಬಾರಿಗೂ ತುರಿದು ಉಳಿದ ಕರಟಗಳು ದಿನಾ ಗೋಣಿಯಲ್ಲಿ ತುಂಬಿ ಟೆಂಪೋ ಹತ್ತಿ ಮುಂಬೈ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಶೆಡ್ಡಿಗೆ ಬರುತ್ತಿದ್ದವು. ನಾನು ಕೆಲಸಕ್ಕಿದ್ದದ್ದು ಅದೇ ಶೆಡ್ಡಿನಲ್ಲಿ, ಕುಡಿಯುವ ನೀರು ಸೋಸುವ ಇದ್ದಿಲು ತಯಾರಿಸಲು. ಯಂಕಪ್ಪ ಅವನ್ನು ಚೂರು ಮಾಡಿ, ಗಾಳಿಯಾಡದ ಉಕ್ಕಿನ ಡಬ್ಬಿಯಲ್ಲಿ ಬಿಗಿದು, ಕುಲುಮೆಗೆ ತಳ್ಳುತ್ತಿದ್ದ. ಉರಿಯಲು ಗಾಳಿ ಸಿಗದೆ ಕರಟ ಒಳಗೊಳಗೇ ಕಪ್ಪಾಗುತ್ತಿತ್ತು. ಆ ಇದ್ದಿಲಿಗೆ ನಾನು ಯೂರಿಯಾ, ಕಾಸ್ಟಿಕ್ ಪೊಟ್ಯಾಶ್ ಕಲಸಿ ಮತ್ತೊಮ್ಮೆ ಎಂಟುನೂರು ಡಿಗ್ರಿಯಲ್ಲಿ ಸುಡಿಸುತ್ತಿದ್ದೆ. ಪೊಟ್ಯಾಶ್ ಇದ್ದಿಲನ್ನು ಕಚ್ಚಿ ಕಚ್ಚಿ ತೂತು ಮಾಡುತ್ತದೆ. ಯೂರಿಯಾದ ಸಾರಜನಕ ಆ ತೂತುಗಳ ಗೋಡೆಗೆ ಹೊಕ್ಕು ಕೂರುತ್ತದೆ. ಹಾಗೆ ಕೂತ ಮೇಲೆ ಇದ್ದಿಲು ಬರೀ ಇದ್ದಿಲಲ್ಲ, ಅದಕ್ಕೊಂದು ಸೆಳೆತ ಬರುತ್ತದೆ. ನೀರಿನಲ್ಲಿ ಅಲೆಯುವ ಬ್ಯಾಕ್ಟೀರಿಯಾ ಅದರ ಹತ್ತಿರ ಸುಳಿದರೆ ಸಾಕು, ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಹೋದಂತೆ ಹೋಗಿ ಅಂಟಿಕೊಳ್ಳುತ್ತದೆ.

"ಅಕ್ಕಾರ, ಈ ಇದ್ಲಿ ಹುಳಾನ್ ಹೆಂಗ್ ಕೊಲ್ತದ್ರಿ?" ಎಂದು ಯಂಕಪ್ಪ ಒಮ್ಮೆ ಕೇಳಿದ. ಅವನು ಕಲಬುರಗಿ ಕಡೆಯವನು, ನಲವತ್ತು ದಾಟಿದವನು. ಮಸಿಯ ನಡುವೆ ಕಣ್ಣು ಮತ್ತು ಹಲ್ಲು ಮಾತ್ರ ಬಿಳಿ.

ನನಗೆ ಅಜ್ಜಿಯ ಕಥೆ ನೆನಪಾಯಿತು. ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಕಾಯಿ ತುರಿಯುತ್ತಾ ಅಜ್ಜಿ ಹೇಳುತ್ತಿದ್ದ ಕಥೆ. ಒಂದೂರಿಗೆ ಕಳ್ಳರ ಕಾಟ. ದನ ಕಡಿದರು, ಮನೆ ಸುಟ್ಟರು, ಮಕ್ಕಳನ್ನು ಬಾವಿಗೆಸೆದರು. ಊರವರು ಕಾಡಿಗೆ ಹೋಗಿ ಒಬ್ಬ ಕರಿಯ ರಕ್ಕಸಿಯ ಕಾಲು ಹಿಡಿದರು. ಅವಳ ಮೈಯ ಒಂದೊಂದು ರೋಮದ ಬುಡದಲ್ಲೂ ಒಂದೊಂದು ಬಾಯಿ. ಅವಳು ಊರ ಬಾಗಿಲಲ್ಲಿ ಅಡ್ಡ ಮಲಗಿದಳು. ಕಳ್ಳರು ಬಂದರು. ಒಬ್ಬೊಬ್ಬನನ್ನು ಒಂದೊಂದು ಬಾಯಿ ನುಂಗಿತು.

"ಆಮ್ಯಾಲ್ರಿ?"

"ಆಮೇಲೇನು, ಕಳ್ಳರ ಕಥೆ ಮುಗೀತು."

ಯಂಕಪ್ಪ ಕೈಯಲ್ಲಿದ್ದ ಇದ್ದಿಲಿನ ಚೂರನ್ನು ತಿರುಗಿಸಿ ನೋಡಿದ. "ಭಾಳ ಗಟ್ಟಿ ಹೆಣ್ಮಗಳು ಬಿಡ್ರಿ," ಎಂದ.

ಅಜ್ಜಿಯ ಕಥೆ ಅಲ್ಲಿಗೇ ಮುಗಿದಿರಲಿಲ್ಲ. ಮುಂದಿನ ಭಾಗ ಬರುವ ಹೊತ್ತಿಗೆ ನಾನು ಯಾವಾಗಲೂ ಅವಳ ಸೆರಗಿನ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿರುತ್ತಿದ್ದೆ. ಅದು ಎಲ್ಲೋ ಒಳಗೆ ಬಿದ್ದಿತ್ತು, ನೆನಪಿಗೆ ಬರುತ್ತಿರಲಿಲ್ಲ.

ಪರೀಕ್ಷೆ ಸುಲಭದ್ದು. ಒಂದು ಬಾಟಲಿ ನೀರಿಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬಿಟ್ಟೆ, ಇದ್ದಿಲು ಹಾಕಿ ಅರ್ಧ ಗಂಟೆ ಕುಲುಕಿಸಿದೆ. ಇದ್ದಿಲು ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರಿನ ಒಂದು ಹನಿಯನ್ನು, ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹಾಕಿದ ತಟ್ಟೆಯ ಮೇಲೆ ಸವರಿಟ್ಟೆ. ಬದುಕಿದ್ದ ಒಂದೊಂದೂ ಮರುದಿನಕ್ಕೆ ಒಂದೊಂದು ಬಿಳಿ ಚುಕ್ಕೆಯಾಗಬೇಕು. ಮರುದಿನ ತಟ್ಟೆ ಖಾಲಿ. ಮೂರು ಸಲ ಮಾಡಿದೆ, ಮೂರು ಸಲವೂ ಖಾಲಿ.

ಶೆಡ್ಡಿನ ಮಾಲೀಕ ರಂಜನ್ ಸರ್ ನಮ್ಮ ಉಡುಪಿಯ ಕಡೆಯವರೇ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂತ ಮಾರಾಯ್ತಿ, ಒಂದೂ ಉಳಿಲಿಲ್ವಾ?"

"ಒಂದೂ ಇಲ್ಲ ಸರ್."

"ಹಾಗಾದ್ರೆ ಸತ್ತವು ಅಂತ ಬರಿ. ಎಂತಕ್ಕೆ ಕಾಯುದು?"

ಬರೆದೆ. ಬ್ಯಾಕ್ಟೀರಿಯಾ ನೂರಕ್ಕೆ ನೂರು ನಾಶ. ಕೆಳಗೆ ಸಹಿ, ಶ್ರೀಪ್ರಿಯಾ.

ಮೊದಲ ಫಿಲ್ಟರನ್ನು ಎಲ್ಲಿ ಇಟ್ಟು ನೋಡುವುದು ಎಂಬ ಮಾತು ಬಂದಾಗ ಯಂಕಪ್ಪ ಸುತ್ತಿಗೆ ಕೆಳಗಿಟ್ಟು ಬಂದ. "ನಮ್ಮ ಓಣ್ಯಾಗ ಇಡ್ರಿ ಅಕ್ಕಾರ. ಟ್ಯಾಂಕರ್ ನೀರ ಕುಡ್ದು ಕುಡ್ದು ಮಂದಿ ಹೊಟ್ಟಿ ಹಾಳಾಗ್ಯಾವ."

ಅವನಿದ್ದದ್ದು ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಒಂದರ ಹೆಗಲ ಮೇಲೊಂದು ಕೂತ ತಗಡಿನ ಖೋಲಿಗಳು. ಕಟ್ಟಡ ಕೆಲಸ, ಹಮಾಲಿ ಮಾಡುವ ಅವನ ಕಡೆಯವರೇ ಹೆಚ್ಚು. ಓಣಿಯ ತಲೆಯಲ್ಲಿ ಕಟ್ಟೆ ಕಟ್ಟಿ, ಅದರ ಮೇಲೆ ಆಳೆತ್ತರದ ನೀಲಿ ಡ್ರಮ್ಮಿಟ್ಟು ಇದ್ದಿಲು ತುಂಬಿದೆವು. ಮೇಲಿನಿಂದ ಟ್ಯಾಂಕರ್ ನೀರು ಇಳಿಯಬೇಕು, ಇದ್ದಿಲನ್ನು ದಾಟಿ ಕೆಳಗಿನ ನಲ್ಲಿಗೆ ಬರಬೇಕು. ಯಂಕಪ್ಪ ಕೇಳಿದನೆಂದು ನನ್ನ ವರದಿಯನ್ನು ಎರಡು ಸಾಲಿನ ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಡ್ರಮ್ಮಿನ ಹೊಟ್ಟೆಗೆ ಅಂಟಿಸಿದೆವು. ಸಹಿಯೂ ಕನ್ನಡದಲ್ಲೇ ಇತ್ತು. ಯಂಕಪ್ಪನ ಹೆಂಡತಿ ಚಂದ್ರಬಾಯಿ ಡ್ರಮ್ಮಿಗೆ ಕುಂಕುಮ ಹಚ್ಚಿ ನನ್ನ ಹಣೆಗೂ ಹಚ್ಚಿದಳು.

ಮೂರು ವಾರ ಕಳೆದ ಮೇಲೆ ಒಂದು ಶನಿವಾರ ಯಂಕಪ್ಪ ಕರಟ ಒಡೆಯುತ್ತಲೇ ಹೇಳಿದ. "ನಿಮ್ಮ ರಕ್ಕಸಿಗಿ ಈಗ ಶುಕ್ರಾರ ಶುಕ್ರಾರ ಹಾಲು-ಬೆಲ್ಲ ನಡದದ್ರಿ."

"ಯಾರು ಕೊಡೋದು?"

"ನಮ್ಮ ಬಾಜು ಖೋಲಿ ಶರಣಬಸಮ್ಮಾಯಿ. ಊರಾಗ ಬಾವಿ ಗಂಗವ್ವಗ ಹಾಕ್ತಿದ್ಳು. ಇಲ್ಲಿ ಬಾವಿ ಎಲ್ಲದ? ಈ ಡ್ರಮ್ಮೇ ನನ್ನ ಬಾವಿ ಅಂತಾಳ. ಆಕಿಗಿ ಮ್ಯಾಲ ಏರ್ಲಾಕ ಆಗಲ್ಲ, ನಸಿಕಿನ್ಯಾಗ ನಾನೇ ಮುಚ್ಚಳ ತೆಗದು ಹಾಕ್ತೀನಿ." ಅವನು ದನಿ ತಗ್ಗಿಸಿದ. "ಆಕಿ ಮಗ ರೇವಣಸಿದ್ದಗ ಹೇಳಂಗಿಲ್ರಿ. ಎಲುಬಿಗಿ ಹಾಲು ಕುಡಸಂತ ಡಾಕ್ಟರ್ ಹೇಳ್ಯಾನ. ಅವ ದಿನಾ ತಂದ್ ಕೊಡ್ತಾನ. ಮುದುಕಿ ತನ್ನ ಪಾಲಿಂದು ಗಂಗವ್ವಗ ಎತ್ತಿಡ್ತಾಳ. ಗೊತ್ತಾದ್ರ ಮಗ ಒದರ್ಯಾಡ್ತಾನ."

ನಾನು ನಕ್ಕೆ. ಸಾವಿರ ಬಾಯಿಯ ರಕ್ಕಸಿ ತುಟಿಗೆ ಹಾಲು ಮೆತ್ತಿಕೊಂಡು ಕಳವಾ ಗುಡ್ಡದಲ್ಲಿ ಕೂತದ್ದನ್ನು ಕಲ್ಪಿಸಿಕೊಂಡೆ. ಚಂದ ಕಂಡಿತು. ಅಷ್ಟು ಓದಿದವಳು, ಒಂದು ಕ್ಷಣವೂ ಹೆದರಲಿಲ್ಲ.

ಅದೇ ಸಂಜೆ ಮತ್ತೊಂದು ಪರೀಕ್ಷೆ ಮಾಡುವಾಗ ಕೈ ಜಾರಿ ನಾಲ್ಕೈದು ಇದ್ದಿಲಿನ ಕಾಳು ತಟ್ಟೆಯೊಳಗೆ ಬಿದ್ದವು. ತೆಗೆಯುವ ತಾಳ್ಮೆ ಇರಲಿಲ್ಲ. ಹಾಗೇ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದೆ.

ಸೋಮವಾರ ಪೆಟ್ಟಿಗೆ ತೆರೆದೆ. ಒಂದೊಂದು ಕಾಳಿನ ಸುತ್ತಲೂ ಬಿಳಿಯದು ಉಬ್ಬಿ, ಒಂದರ ಮೇಲೊಂದು ಹತ್ತಿ, ಹುದುಗು ಬಂದ ಉದ್ದಿನ ಹಿಟ್ಟಿನಂತೆ ಹೊರಕ್ಕೆ ಚೆಲ್ಲಿತ್ತು. ಒಂದು ಕಾಳನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಡಿ ಇಟ್ಟೆ. ಕರಟದ ನಾರಿನ ಕಾಲುವೆಗಳು ಸುಟ್ಟ ಮೇಲೂ ಹಾಗೇ ಉಳಿದಿದ್ದವು. ಅವುಗಳ ತುಂಬ ಬ್ಯಾಕ್ಟೀರಿಯಾ ಕಿಕ್ಕಿರಿದು ತೆವಳುತ್ತಿದ್ದವು, ಮುರಿದ ಕಡೆಯಿಂದ ಹೊರಗೆ ಸುರಿಯುತ್ತಿದ್ದವು. ನೀರಿನಲ್ಲಿ ಅವು ಇರಲಿಲ್ಲ, ನಿಜ. ಸತ್ತಿರಲಿಲ್ಲ. ಹಿಡಿದದ್ದನ್ನೇ ನಾನು ಕೊಂದದ್ದೆಂದು ಬರೆದಿದ್ದೆ. ನೀರನ್ನು ಎಣಿಸಿದೆ, ಇದ್ದಿಲನ್ನು ಎಣಿಸಲಿಲ್ಲ.

ಆಗ ಕಥೆಯ ಆ ಮುಂದಿನ ಭಾಗ ಅಜ್ಜಿಯ ದನಿಯಲ್ಲೇ ಮೇಲೆ ಬಂತು. ಆ ರಕ್ಕಸಿಗೆ ಬಾಯಿ ಸಾವಿರ ಮಗಾ, ಹೊಟ್ಟೆಯೇ ಇರಲಿಲ್ಲ. ನುಂಗಿದ ಕಳ್ಳರೆಲ್ಲ ಬಾಯೊಳಗೇ ಕತ್ತಿ ಮಡಿಲಲ್ಲಿಟ್ಟು ಹಸಿದು ಕೂತಿದ್ದರು. ಊರವರು ಖುಷಿಯಲ್ಲಿ ರಕ್ಕಸಿಗೆ ಪಾಯಸ ತಂದು ಹೊಯ್ದರು. ಆ ಪಾಯಸ ತಿಂದವರು ಯಾರು, ಹೇಳು?

ಹಾಲು. ಬೆಲ್ಲ. ಮೂರು ಶುಕ್ರವಾರ.

ಯಂಕಪ್ಪ ಆ ದಿನ ಕೆಲಸಕ್ಕೆ ಬಂದಿರಲಿಲ್ಲ. ಅವನ ಫೋನು ಸ್ವಿಚ್ ಆಫ್ ಆಗಿತ್ತು. ತಟ್ಟೆ ಹಿಡಿದು ರಂಜನ್ ಸರ್ ಹತ್ತಿರ ಓಡಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಬುಧವಾರ ಡ್ರಮ್ಮು ತೆಗೆಸುವ," ಎಂದರು. "ಈಗ ಬೊಬ್ಬೆ ಹಾಕಿದ್ರೆ ನಿನ್ನ ತಲೆಯೂ ಹೋಗ್ತದೆ, ನನ್ನದೂ ಹೋಗ್ತದೆ. ಸಹಿ ಯಾರದ್ದು, ನೋಡಿದ್ಯಲ್ಲ?"

ಮನೆಗೆ ಹೋಗುವ ದಾರಿಯಲ್ಲಿ ಠಾಣೆ ಬಿಟ್ಟರೆ ಮುಂದಿನ ಸ್ಟೇಶನ್ನೇ ಕಳವಾ. ಸಂಜೆಯ ಲೋಕಲ್ ಅಲ್ಲಿ ನಿಂತಿತು. ಬಾಗಿಲಿನ ಆಚೆ ಗುಡ್ಡ ಕಂಡಿತು. ನಾನು ಮೇಲಿನ ಹಿಡಿಕೆಗೆ ಜೋತು ನಿಂತೇ ಇದ್ದೆ. ರೈಲು ಹೊರಟಿತು. ಡೊಂಬಿವ್ಲಿಯಲ್ಲಿ ಇಳಿದು ಮನೆಗೆ ಹೋಗಿ ಊಟ ಮಾಡಿ ಮಲಗಿದೆ.

ಮಂಗಳವಾರ ಬೆಳಿಗ್ಗೆ ಕಳವಾದಲ್ಲಿ ಇಳಿದೆ. ಗುಡ್ಡದ ಬುಡದ ರಿಕ್ಷಾದವನು ಮೇಲೆ ಬರಲು ಒಪ್ಪಲಿಲ್ಲ. "ಉಪ್ಪರ್ ಲಫ್ಡಾ ಹೈ ಮೇಡಮ್," ಎಂದ. "ಪಾನೀ ಸೇ ಬುಡ್ಢೀ ಮರ್ ಗಯೀ." ಮೇಲೆ ಗಲಾಟೆಯಂತೆ, ನೀರು ಕುಡಿದು ಮುದುಕಿಯೊಬ್ಬಳು ಸತ್ತಳಂತೆ.

ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿತು. ಬೈಗುಳದ್ದಲ್ಲ. ಒದ್ದೆ ಗೋಣಿಗೆ ದೊಣ್ಣೆಯಿಂದ ಬಡಿದಂಥದ್ದು, ಸಾವಕಾಶವಾಗಿ, ಒಂದಾದ ಮೇಲೊಂದು.

ಯಂಕಪ್ಪನನ್ನು ಡ್ರಮ್ಮಿನ ಕಟ್ಟೆಯ ನಲ್ಲಿಯ ಪೈಪಿಗೆ ನೈಲಾನ್ ಹಗ್ಗದಿಂದ ಬಿಗಿದಿದ್ದರು. ಅಂಗಿ ಹರಿದು ನೇತಾಡುತ್ತಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಬಾಯಿಂದ ರಕ್ತ ಎಳೆ ಎಳೆಯಾಗಿ ಎದೆಗೆ ಇಳಿಯುತ್ತಿತ್ತು. ಸುತ್ತ ಮೂವತ್ತು ನಲವತ್ತು ಗಂಡಸರು. ಮುಂದೆ ನಿಂತವನ ಕೈಯಲ್ಲಿ ಕಟ್ಟಡ ಕೆಲಸದ ಕಬ್ಬಿಣದ ಸಲಾಕೆ. ಅವನ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು. ಅವನೇ ರೇವಣಸಿದ್ದ ಎಂದು ಆ ಮಣ್ಣಿನಿಂದಲೇ ತಿಳಿಯಿತು. ಹಿಂದಿನ ದಿನ ಸಂಜೆ ತಾಯಿ ಶರಣಬಸಮ್ಮನನ್ನು ಮಣ್ಣು ಮಾಡಿ ಬಂದಿದ್ದ. ನನ್ನ ಲೋಕಲ್ ಕಳವಾದಲ್ಲಿ ನಿಂತು ಹೊರಟ ಹೊತ್ತದು. ಓಣಿಯ ಇಪ್ಪತ್ತು ಮಂದಿ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ದರು.

"ಬೆಳ್ಳಗ ಇತ್ತು," ಎಂದು ಪಕ್ಕದಲ್ಲಿದ್ದವನೊಬ್ಬ ಹೇಳುತ್ತಿದ್ದ. ಎಲ್ಲರೂ ಅವನನ್ನು ಮಾಪಣ್ಣ ಎನ್ನುತ್ತಿದ್ದರು. "ನಸಿಕಿನ್ಯಾಗ ಸಂಡಾಸಿಗಿ ಎದ್ದಾಗ ಈ ಕಣ್ಲೇ ನೋಡೀನಿ. ಮುಚ್ಚಳ ತೆಗದು ಬೆಳ್ಳಂದು ಏನೋ ಸುರೀಲತಿದ್ದ. ಒಮ್ಮಿ ಅಲ್ಲ, ಎರಡ್ ಸರ್ತಿ."

"ಏನದು ಹೇಳಲೇ ಯಂಕ್ಯಾ," ಎಂದ ರೇವಣಸಿದ್ದ. ಕೂಗಲಿಲ್ಲ. "ಕಂಪನ್ಯಾವ್ರು ಏನ್ ಕೊಟ್ಟಿದ್ರು? ನಮ್ಮ ಮ್ಯಾಲ ಹಾಕಿ ನೋಡಂದ್ರೇನು? ನಾವೇನ್ ಇಲಿ ಇದ್ದೇವೇನಲೇ?"

ಯಂಕಪ್ಪ ಮಾತಾಡಲಿಲ್ಲ. ಸಲಾಕೆ ಮೊಣಕಾಲಿನ ಕೆಳಗೆ ಬಿತ್ತು. ಆ ಸದ್ದು ನನಗೆ ಗೊತ್ತಿತ್ತು. ದಿನಾ ಶೆಡ್ಡಿನಲ್ಲಿ ಮುಖ ತಿರುಗಿಸಿ ಕೇಳುತ್ತಿದ್ದ ಸದ್ದು ಅದು. ಅವನು ಕುಸಿದ, ಹಗ್ಗ ಅವನನ್ನು ಕೂರಲು ಬಿಡಲಿಲ್ಲ.

ಇಬ್ಬರು ಹೆಂಗಸರು ಹಿಡಿದಿದ್ದ ಕೈಯಿಂದ ಚಂದ್ರಬಾಯಿ ಕೊಸರಾಡುತ್ತಿದ್ದಳು. "ಹೇಳ್ರೀ. ಇದ್ದದ್ದು ಇದ್ದಂಗ ಹೇಳಿಬಿಡ್ರಿ. ಯಾರ ಸಲುವಾಗಿ ಬಾಯಿ ಮುಚ್ಚೀರಿ? ಕೊಲ್ತಾರ ನಿಮ್ಮನ್ನ."

"ಚಂದ್ರಿ, ಸುಮ್ಕ ಕೂಡು," ಎಂದ ಯಂಕಪ್ಪ. ಅವನ ಬಾಯಿಯಿಂದ ಮಾತಿನ ಜೊತೆಗೆ ಒಂದು ಹಲ್ಲೂ ಬಂದು ನೆಲಕ್ಕೆ ಬಿತ್ತು.

ನಾನು ಗಂಡಸರ ನಡುವೆ ನುಗ್ಗಿದೆ. ಯಾರೋ ಜಡೆ ಹಿಡಿದೆಳೆದರು, ಬಿಡಿಸಿಕೊಂಡೆ. ಅದು ಹಾಲು, ಬರೀ ಹಾಲು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಏಟು ನಿಲ್ಲುತ್ತಿತ್ತು. ಆದರೆ ಯಾರು ಕೊಟ್ಟ ಹಾಲು ಎಂದು ಮರುಕ್ಷಣ ಕೇಳುತ್ತಿದ್ದರು. ಯಂಕಪ್ಪನ ತೆರೆದಿದ್ದ ಒಂದೇ ಕಣ್ಣು ನನ್ನನ್ನು ಕಂಡಿತು. ಅವನು ತಲೆಯಾಡಿಸಿದ, ತೀರ ಸಣ್ಣಗೆ. ಬ್ಯಾಡ್ರಿ ಅಕ್ಕಾರ.

ಆ ಮನುಷ್ಯನಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಸಾರಜನಕ ಗೊತ್ತಿರಲಿಲ್ಲ. ಹಾಲು ಹಾಕಿದ ಮೇಲೆ ನೀರು ಕೆಟ್ಟಿತು ಎಂಬುದಷ್ಟನ್ನು ಹೇಗೋ ಊಹಿಸಿದ್ದ. ಮುದುಕಿಯನ್ನು ಕೊಂದದ್ದು ಅವಳದೇ ಕೈಯ ಹಾಲು, ಮಗ ತಂದುಕೊಟ್ಟ ಹಾಲು. ಅದನ್ನು ಮಗನ ಎದುರು ಹೇಳುವುದಕ್ಕಿಂತ ಕಾಲು ಮುರಿಸಿಕೊಳ್ಳುವುದು ಅವನಿಗೆ ಸಲೀಸಾಗಿತ್ತು.

"ಅವರನ್ನು ಬಿಡಿ," ಎಂದೆ. "ತಪ್ಪು ನನ್ನದು."

"ನೀ ಯಾರವ್ವ?" ಎಂದ ರೇವಣಸಿದ್ದ.

"ಆ ಕಾಗದದಲ್ಲಿರುವುದು ನನ್ನ ಹೆಸರು."

ಮಾಪಣ್ಣ ಡ್ರಮ್ಮಿನ ಹತ್ತಿರ ಬಾಗಿ ಅಕ್ಷರ ಅಕ್ಷರ ಕೂಡಿಸಿ ಓದಿದ. ಗುಂಪು ಒಂದು ಹೆಜ್ಜೆ ಹತ್ತಿರ ಬಂತು.

"ಇದ್ದಿಲು ನೀರಿನ ಹುಳಗಳನ್ನು ಹಿಡಿಯಿತು, ಕೊಲ್ಲಲಿಲ್ಲ. ಅವು ಒಳಗೇ ಕೂತು ಬೆಳೆದವು. ಬೆಳೆದು ನಲ್ಲಿಗೆ ಬಂದವು. ನಾನು ಸರಿಯಾಗಿ ನೋಡದೆ ಸತ್ತವು ಅಂತ ಬರೆದುಕೊಟ್ಟೆ. ಯಂಕಪ್ಪಣ್ಣ ನನ್ನ ಮಾತು ನಂಬಿ ಇಲ್ಲಿಗೆ ತಂದರು. ನಿನ್ನೆ ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ನಾನು ಬರಲಿಲ್ಲ."

ಕಡೆಯ ಮಾತು ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು.

"ನಿನ್ನಿ ಮುಂಜಾನಿ," ಎಂದ ರೇವಣಸಿದ್ದ. "ನಿನ್ನಿ ಮುಂಜಾನಿ ನಮ್ಮವ್ವ ಇನ್ನಾ ಮಾತಾಡ್ಲತಿದ್ಳು. ಬಾಯಿ ಒಣಗ್ಯಾದಪ್ಪ, ನೀರ ಕೊಡು ಅಂದ್ಳು. ಈ ನಲ್ಲಿ ನೀರೇ ಕೊಟ್ಟೀನಿ ನಾ."

ಸಲಾಕೆ ಮೇಲೆದ್ದದ್ದನ್ನು ನೋಡಿದೆ. ಎಡಗೈ ತಾನಾಗಿ ತಲೆಗೆ ಅಡ್ಡ ಹೋಯಿತು. ಮೊದಲು ಸದ್ದು ಕೇಳಿತು, ನೋವು ಆಮೇಲೆ ಬಂತು. ಮೊಣಕೈ ಕೆಳಗೆ ಬಾಗಬಾರದ ಕಡೆ ಕೈ ಬಾಗಿತ್ತು. ನಾನು ಮಂಡಿಯೂರಿ ಕೂತೆ. ಇನ್ನೊಂದು ಏಟು ತಲೆಗೇ ಬರುತ್ತದೆ ಎಂದುಕೊಂಡೆ. ಹೆದರಿಕೆಯೂ ಆಗಲಿಲ್ಲ, ಕಾಯುತ್ತಿದ್ದೆ ಅಷ್ಟೆ.

"ಹೆಣ್ಮಗಳ ಮ್ಯಾಲ ಕೈ ಎತ್ತಬ್ಯಾಡೋ ಸಿದ್ದಾ," ಎಂದು ಹೆಂಗಸರು ಕೂಗಿದರು. ಚಂದ್ರಬಾಯಿ ಬಿಡಿಸಿಕೊಂಡು ಬಂದು ನನ್ನ ಮೇಲೆ ಅಡ್ಡ ಬಿದ್ದಳು. ಎತ್ತಿದ ಸಲಾಕೆ ಅವಳ ಬೆನ್ನ ಮೇಲೆ ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ರೇವಣಸಿದ್ದ ಪಕ್ಕಕ್ಕೆ ತಿರುಗಿ ಡ್ರಮ್ಮಿಗೆ ಬಡಿದ. ಇನ್ನೊಮ್ಮೆ, ಮತ್ತೊಮ್ಮೆ. ನೀಲಿ ಪ್ಲಾಸ್ಟಿಕ್ ಬಿರಿಯಿತು. ಕಪ್ಪು ನೀರು, ಕಪ್ಪು ಕಾಳು ಕರುಳು ಸುರಿದಂತೆ ಓಣಿಗೆ ಸುರಿದವು. ಜನ ಹಿಂದೆ ಸರಿದರು. ಅವನು ಬಡಿಯುತ್ತಲೇ ಇದ್ದ. ಕಾಗದ ಅಂಟಿಸಿದ್ದ ಚೂರು ನನ್ನ ಮುಂದೆ ಬಂದು ಬಿತ್ತು.

"ಮುಟ್ಟಬೇಡಿ," ಎಂದೆ. "ಆ ಇದ್ದಿಲಲ್ಲಿ ಅವು ಇನ್ನೂ ಬದುಕಿವೆ. ಚರಂಡಿಗೆ ಹೋಗಲು ಬಿಡಬೇಡಿ. ಸುಟ್ಟುಬಿಡಿ."

ನನ್ನ ಮಾತು ಯಾಕೆ ಕೇಳಿದರೋ ಗೊತ್ತಿಲ್ಲ. ಬಡಿಯಲು ಇನ್ನೇನೂ ಉಳಿದಿರಲಿಲ್ಲ ಅನ್ನಿಸುತ್ತದೆ. ಮಾಪಣ್ಣ ಸೆಂಟ್ರಿಂಗ್ ಹಲಗೆಯ ತುಂಡುಗಳನ್ನು ತಂದು ಒಟ್ಟಿ ಬೆಂಕಿ ಹಚ್ಚಿದ. ಇಬ್ಬರು ಸಲಿಕೆಯಿಂದ ಇದ್ದಿಲು ಬಾಚಿ ತಗಡಿನ ಮೇಲೆ ಹಾಕಿ ತಗಡನ್ನೇ ಬೆಂಕಿಗಿಟ್ಟರು. ಚಂದ್ರಬಾಯಿ ಗಂಡನ ಹಗ್ಗವನ್ನು ಕುಡುಗೋಲಿನಿಂದ ಕೊಯ್ದಳು, ಯಾರೂ ತಡೆಯಲಿಲ್ಲ. ಯಂಕಪ್ಪ ಗೋಡೆಗೆ ಒರಗಿ ಕಾಲು ಚಾಚಿದ. ಕೆಳಗಿನಿಂದ ರಿಕ್ಷಾ ತರಲು ಒಬ್ಬ ಓಡಿದ. ರೇವಣಸಿದ್ದ ಸಲಾಕೆ ಹಿಡಿದುಕೊಂಡೇ ಬೆಂಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

ಮೊದಲು ಉಗಿ ಎದ್ದಿತು. ನೀರು ಇಂಗಿತು. ಇದ್ದಿಲಿನ ಅಂಚು ಕೆಂಪಾಯಿತು.

ಆಗ ಆ ವಾಸನೆ ಬಂತು.

ಒಲೆಯ ಮೇಲೆ ಹಾಲು ಉಕ್ಕಿ ಹೊತ್ತಿದ ವಾಸನೆ. ಅದರ ಹಿಂದೆಯೇ ಬೆಲ್ಲದ ಪಾಕ ಕಂದಿದ್ದು. ಇದ್ದಿಲು ತೂತು ತೂತಿನಲ್ಲೂ ಅದನ್ನು ಹಿಡಿದಿಟ್ಟಿತ್ತು, ಎಲ್ಲವನ್ನೂ ಹಿಡಿದಿಡುವ ಹಾಗೆ. ಈಗ ಒಮ್ಮೆಗೇ ಬಿಟ್ಟಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ಓಣಿಯಲ್ಲಿ ಆ ವಾಸನೆ ಗೊತ್ತಿಲ್ಲದ ಹೆಂಗಸು ಯಾರಿದ್ದರು? ಚಂದ್ರಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರೇವಣಸಿದ್ದ ಮೂಗೆತ್ತಿದ.

"ಹಾಲು ಹೊತ್ತಿದಂಗ ವಾಸನಿ ಬರ್ಲತದಲ್ಲ," ಎಂದ.

ಅವನು ತಿರುಗಿ ಯಂಕಪ್ಪನನ್ನು ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಬದಲಾಗತೊಡಗಿತು.

"ಕರಟದ್ದೋ ಸಿದ್ದಾ," ಎಂದ ಯಂಕಪ್ಪ. ಹಲ್ಲಿಲ್ಲದ ಕಡೆಯಿಂದ ಮಾತು ಗಾಳಿಯಾಗಿ ಹೊರಬರುತ್ತಿತ್ತು. "ಟೆಂಗಿನ ಕರಟ ಸುಟ್ರ ಹಂಗೇ ಬರ್ತದ. ದಿನಾ ಸುಡ್ತೀನಲ್ಲ, ನನಗ ಗೊತ್ತದ."

ರೇವಣಸಿದ್ದ ನನ್ನ ಕಡೆ ನೋಡಿದ. "ಖರೇ ಏನ್ರಿ ಇದು?"

ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಮಡಿಲಿಗೆ ಒತ್ತಿಕೊಂಡು ಕೂತಿದ್ದೆ. ಎರಡು ವರ್ಷದಿಂದ ದಿನಾ ಕರಟ ಸುಟ್ಟವಳು. ಸುಟ್ಟ ಕರಟಕ್ಕೆ ಹೊಗೆ ಹಿಡಿದ ಮರದ ವಾಸನೆಯಿರುತ್ತದೆ, ಸ್ವಲ್ಪ ಎಣ್ಣೆಯದು. ಹಾಲಿನ ವಾಸನೆ ಎಂದಿಗೂ ಇರುವುದಿಲ್ಲ.

"ಹೌದು," ಎಂದೆ. "ಕರಟದ್ದೇ."

ಅವನು ನನ್ನನ್ನು ನೋಡುತ್ತಲೇ ಇದ್ದ. ನಾನು ಕಣ್ಣು ತೆಗೆಯಲಿಲ್ಲ. ಕೊನೆಗೆ ಅವನು ಸಲಾಕೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಕೆಳಗೆ ರಿಕ್ಷಾದ ಸದ್ದು ಕೇಳಿತು. ಯಂಕಪ್ಪನನ್ನು ನಾಲ್ವರು ಎತ್ತಿದರು, ಅವರಲ್ಲಿ ಮಾಪಣ್ಣನೂ ಇದ್ದ. ಚಂದ್ರಬಾಯಿ ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಮೆಟ್ಟಿಲಿಳಿಯುವಾಗ ಹಿಂತಿರುಗಿ ನೋಡಿದೆ. ಎಲ್ಲರೂ ಹೊಗೆಯಿಂದ ದೂರ ಸರಿದಿದ್ದರು. ರೇವಣಸಿದ್ದ ಮಾತ್ರ ಬೆಂಕಿಗೆ ಇನ್ನಷ್ಟು ಹತ್ತಿರ ಸರಿದು, ಮೂಗು ಮುಂದೆ ಮಾಡಿ, ಆ ವಾಸನೆ ಇರುವಷ್ಟು ಹೊತ್ತೂ ಉಸಿರೆಳೆದುಕೊಳ್ಳುವವನಂತೆ ಕೂತಿದ್ದ.